ಲಾ ರೊಶೆಲ್‌ನ ಮೂರು ಗೋಪುರಗಳು: 1628ರ ಮುತ್ತಿಗೆಯನ್ನು ಅರಿಯಲು ಸಾಕೇ?

ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೊಶೆಲ್‌ನಲ್ಲಿ ಸೇಂಟ್ ನಿಕೊಲಾ, ಶೆನ್, ಲಾಂತೆರ್ನ್ ಎಂಬ ಮೂರು ಗೋಪುರಗಳಿಗೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ಹಳೆಯ ಬಂದರು ಕೋಟೆ ನೋಡುವ ಆಸೆ ಇದ್ದವರಿಗೆ ಇದು ಹೇಳಿ ಮಾಡಿಸಿದ ಜಾಗ. ಆದರೆ ಪ್ರಾಟೆಸ್ಟಂಟರ ಈ ನಗರ ಫ್ರೆಂಚ್ ರಾಜನ ಮುಖ್ಯಮಂತ್ರಿ ಕಾರ್ಡಿನಲ್ ರಿಶೆಲ್ಯೂ ಹಾಕಿದ ಮುತ್ತಿಗೆಗೆ ಹೇಗೆ ಮಣಿಯಿತೆಂದು ತಿಳಿಯಲು ಬಂದವರು ಒಳಗಿನ ಫಲಕಗಳನ್ನಷ್ಟೇ ನಂಬಿಕೊಂಡರೆ ನಿರಾಶೆ ಖಚಿತ. ಶರಣಾಗತಿಯ ನಂತರ ರಾಜ 13ನೇ ಲೂಯಿ ನೆಲದ ಕಡೆಯ ಕೋಟೆ ಗೋಡೆಗಳನ್ನು ಕೆಡವಿಸಿದ. ಕಡಲ ಕಡೆಯ ಈ ಗೋಪುರಗಳನ್ನು ಮಾತ್ರ ಉಳಿಸಿದ. ಹಾಗಾಗಿ ಮುತ್ತಿಗೆ ತಡೆದ ಗೋಡೆಗಳೇ ಇಲ್ಲಿ ನೋಡಲು ಸಿಗುವುದಿಲ್ಲ.

ಮೊದಲು ಲಾಂತೆರ್ನ್ ಹತ್ತಿ. ಲಿಫ್ಟ್ ಇಲ್ಲ, ಸುರುಳಿ ಮೆಟ್ಟಿಲು ಇಕ್ಕಟ್ಟು. ಮೇಲಿನವರೂ ಕೆಳಗಿನವರೂ ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಲೇಬೇಕು. ಬೆನ್ನಿಗೆ ದೊಡ್ಡ ಚೀಲ ಬೇಡ. ಸೆರೆಯಾಳುಗಳು, ಮುಖ್ಯವಾಗಿ ಪರದೇಶದ ನಾವಿಕರು, ಗೋಡೆಗಳ ಮೇಲೆ ಕೆತ್ತಿದ 600ಕ್ಕೂ ಹೆಚ್ಚು ಗೀರುಚಿತ್ರಗಳಿವೆ. ಹಡಗುಗಳ ಹಗ್ಗ, ಹಾಯಿಗಳನ್ನೂ ಬಿಡದೆ ಕೆತ್ತಿದ್ದಾರೆ. ಇವು ಬಹುಪಾಲು ಮುತ್ತಿಗೆಯ ನಂತರದವು, ಆದರೂ ಟಿಕೆಟ್ಟಿನ ಬೆಲೆ ಇಲ್ಲೇ ತೀರುತ್ತದೆ.

ಮೇಲಿನ ಮೊಗಸಾಲೆಯಲ್ಲಿ ಕಡಲಿಗೆ ಮುಖ ಮಾಡಿ ನಿಲ್ಲಿ. ನೆಲದ ಕಡೆ ಸುಮಾರು 12 ಕಿ.ಮೀ. ಉದ್ದದ ಕಂದಕ, ಬುರುಜುಗಳ ಸಾಲು ಹಾಕಿದರೂ ರಿಶೆಲ್ಯೂಗೆ ಅದು ಸಾಲಲಿಲ್ಲ. ನಗರದ ಪರವಾಗಿದ್ದ ಇಂಗ್ಲಿಷ್ ಹಡಗುಗಳು ಕಡಲಿನಿಂದ ಕಾಳು ಇಳಿಸುವ ದಾರಿ ತೆರೆದೇ ಇತ್ತು. ಆಗ ಮೆತೆಜೋ, ತಿರಿಯೊ ಎಂಬಿಬ್ಬರು ಕೊಲ್ಲಿಗೆ ಅಡ್ಡಲಾಗಿ ಸುಮಾರು 1,500 ಮೀಟರ್ ಒಡ್ಡು ಕಟ್ಟಿದರು: ಕಲ್ಲು ತುಂಬಿ ಮುಳುಗಿಸಿದ ಹಡಗುಗಳೇ ಅದರ ಬುನಾದಿ. ಪೂರ್ತಿ ಮುಚ್ಚಿದ್ದರೆ ಅಲೆಯ ಹೊಡೆತಕ್ಕೆ ಒಡೆಯುತ್ತಿತ್ತು, ಅದಕ್ಕೇ ನೀರು ಹೋಗಿ ಬರಲು ನಡುವೆ ಕಿಂಡಿ ಬಿಟ್ಟು, ಅದಕ್ಕೆ ಹಡಗುಗಳ ಕಾವಲಿಟ್ಟರು. 1628ರಲ್ಲಿ ಎರಡು ಸಲ ಬಂದ ಇಂಗ್ಲಿಷ್ ನೌಕಾಪಡೆ ಅದನ್ನು ದಾಟಲಾರದೆ ಹೋಯಿತು. ಅಕ್ಟೋಬರ್ 28ರಂದು ನಗರ ಶರಣಾದಾಗ ಸುಮಾರು 27,000 ಜನರಲ್ಲಿ ಉಳಿದವರು ಅಂದಾಜು 5,000. ಬಹಳಷ್ಟು ಜನ ಸತ್ತದ್ದು ಹಸಿವಿನಿಂದ.

ಈ ಒಡ್ಡನ್ನು ಗೋಪುರದಿಂದ ಹುಡುಕಿ ಪ್ರಯೋಜನವಿಲ್ಲ. ಹಳೆಯ ಬಂದರಿನಿಂದ ಮಿನಿಮ್ ಕಡೆಗೆ ಹೋಗುವ ದೋಣಿ ಹಿಡಿಯಿರಿ. ಕೆಂಪು ರಿಶೆಲ್ಯೂ ಗುರುತುಕಂಬ ಆ ಸಾಲನ್ನು ತೋರಿಸುತ್ತದೆ. ಕಲ್ಲಿನ ಉಳಿಕೆ ಕಾಣುವುದು ದೊಡ್ಡ ಇಳಿತದಲ್ಲಿ ಮಾತ್ರ. ಫ್ರೆಂಚ್ ಭರತ-ಇಳಿತದ ಪಟ್ಟಿಯಲ್ಲಿ 20ರಿಂದ 120ರವರೆಗೆ ಒಂದು ಅಂಕಿ ಕೊಡುತ್ತಾರೆ, ಅದು ದೊಡ್ಡದಾದಷ್ಟೂ ನೀರಿನ ಏರಿಳಿತ ಹೆಚ್ಚು. ಅದು ನೂರರ ಆಸುಪಾಸಿನಲ್ಲಿರುವ ದಿನ, ಇಳಿತದ ಹೊತ್ತಿಗೆ ಹೋಗಿ. ಅಮಾವಾಸ್ಯೆ, ಹುಣ್ಣಿಮೆಗಳ ಮರುದಿನಗಳು ಅನುಕೂಲ.

ಶೆನ್ ಗೋಪುರದಲ್ಲಿ ಕೆನಡಾಕ್ಕೆ ವಲಸೆ ಹೋದವರ ಪ್ರದರ್ಶನವಿದೆ. ಚೆನ್ನಾಗಿದೆ, ಮುತ್ತಿಗೆಗೆ ಸಂಬಂಧವಿಲ್ಲ. ಸಮಯ ಕಡಿಮೆ ಇದ್ದರೆ ಬಿಡಬಹುದಾದದ್ದು ಇದೊಂದೇ. ಸೇಂಟ್ ನಿಕೊಲಾ ಇರುವುದು ಅದರ ಎದುರು ದಡದಲ್ಲಿ. ಸೇತುವೆ ಇಲ್ಲ, ನಡೆದರೆ ಬಂದರನ್ನು ಬಳಸಿಯೇ ಹೋಗಬೇಕು. ಒಳಗಿನ ಮೆಟ್ಟಿಲು, ಓಣಿಗಳು ದಾರಿ ತಪ್ಪಿಸುತ್ತವೆ, ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಮೇ 1, ಡಿಸೆಂಬರ್ 25, ಜನವರಿ 1ರಂದು ಮೂರೂ ಬಂದ್.