ಕಿಂಗ್ಸ್ ಸರ್ಕಲ್ ಫುಟ್‌ಪಾತಿನ 200 ರೂಪಾಯಿ ನಿಘಂಟು

ಮುಂಬಯಿಯ ಮಾಟುಂಗಾದಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಾರಲ್ಲ, ಅಲ್ಲಿಂದ ಹೋದ ತಿಂಗಳು ಒಂದು ಇಂಗ್ಲಿಷ್ ನಿಘಂಟು ತಂದೆ. ಪದಗಳು ಎಲ್ಲಿ ಹುಟ್ಟಿದವು ಎಂದು ಹೇಳುವ ನಿಘಂಟು. 350 ಎಂದರು, ಚೌಕಾಸಿ ಮಾಡಿ 200ಕ್ಕೆ ತಗೊಂಡೆ.

ಕೊರತೆ ಮೊದಲು ಹೇಳಿಬಿಡುತ್ತೇನೆ. ಬೈಂಡಿಂಗ್ ಸಡಿಲ. ಅಕ್ಷರ ಸಾಸಿವೆ ಕಾಳಿನಷ್ಟು. ಕೊನೆಯ ಹಾಳೆಗಳೇ ಇಲ್ಲ, ಡಬ್ಲ್ಯೂ ಅರ್ಧಕ್ಕೇ ನಿಂತಿದೆ. ಅದು ಗೊತ್ತಾಗಿದ್ದು ಡೊಂಬಿವಲಿಗೆ ಬಂದು ಮನೆಯಲ್ಲಿ ಬಿಚ್ಚಿದಾಗ.

ಆದರೂ ‘ಕೈಂಡ್’ ಎಂಬ ಒಂದೇ ಪದದಲ್ಲಿ ನನ್ನ ದುಡ್ಡು ವಸೂಲಾಯಿತು.

ನಾನು ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದ: ‘ಟೀಚರ್, ಕೈಂಡ್ ಅಂದ್ರೆ ಒಳ್ಳೆಯವರು. ಮತ್ತೆ ಯಾವ ಬಗೆ ಅನ್ನೋದಕ್ಕೂ ಕೈಂಡೇ. ಯಾಕೆ?’ ಸುಮ್ನೆ ನೆನಪಿಟ್ಟುಕೋ ಎಂದಿದ್ದೆ. ಎಷ್ಟು ವರ್ಷದಿಂದ ಎಷ್ಟು ಮಕ್ಕಳಿಗೆ ಹೀಗೇ ಹೇಳಿದ್ದೇನೋ! ಈಗ ಬೇಸರವಾಗುತ್ತದೆ.

ಉತ್ತರ ಆ ಪುಟದಲ್ಲೇ ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಹುಟ್ಟಿನಿಂದ ಬಂದದ್ದು, ಸಹಜವಾದದ್ದು’ ಎಂದು ಅರ್ಥ. ಒಡಹುಟ್ಟಿದ ಪದ ‘ಕಿನ್’, ಅಂದರೆ ಕುಲ, ಬಂಧು ಬಳಗ. ಸುಮಾರು 1300ರ ಹೊತ್ತಿಗೆ ಅರ್ಥ ಹೊರಳಿತು: ತನ್ನವರ ಜೊತೆ ಹೇಗಿರುತ್ತೇವೋ ಹಾಗೆ ಇರುವವರು ಕೈಂಡ್. 14ನೇ ಶತಮಾನದ ಕವಿ ವಿಲಿಯಂ ಲ್ಯಾಂಗ್‌ಲೆಂಡ್ ಪ್ರಕೃತಿಯನ್ನೇ ಒಂದು ಪಾತ್ರ ಮಾಡಿ ‘ಕೈಂಡ್’ ಎಂದು ಕರೆದಿದ್ದಾನೆ. ಆ ಕಾಲದಲ್ಲಿ ‘ಅನ್‌ಕೈಂಡ್’ ಎಂದರೆ ಪ್ರಕೃತಿಗೇ ವಿರುದ್ಧವಾದದ್ದು. ಎಷ್ಟು ಕಟುವಾದ ಮಾತು, ಅಲ್ವಾ?

‘ಬಗೆ’ ಎಂಬ ಅರ್ಥವೂ ಅಲ್ಲೇ ಹುಟ್ಟಿದ್ದು. ನಾವು ‘ಇದು ಯಾವ ಜಾತಿ ಮಾವು’ ಎಂದು ಕೇಳುವುದಿಲ್ಲವೇ, ಹಾಗೆ. ನನಗೆ ಮೈ ಜುಮ್ಮೆಂದಿದ್ದು ಮುಂದಿನ ಸಾಲಿಗೆ. ‘ಕಿನ್’ ಮತ್ತು ನಮ್ಮ ‘ಜನ’ ಒಂದೇ ಹಳೇ ಬೇರಿನಿಂದ ಬಂದವು. ಊರಿಂದ ಯಾರಾದರೂ ಬಂದರೆ ನಮ್ಮತ್ತೆ ‘ನಮ್ಮ ಜನ’ ಎಂದು ಮೊದಲು ಚಹಾಕ್ಕೆ ಇಡುತ್ತಿದ್ದರು. ಅವರು ಯಾವ ನಿಘಂಟನ್ನೂ ನೋಡಿದವರಲ್ಲ.

ಇನ್ನು ಅಂಗಡಿ. ಅಂಗಡಿ ಎಂದರೆ ಗೋಡೆಗೆ ಒರಗಿಸಿದ ಪುಸ್ತಕದ ರಾಶಿ, ಮೇಲೊಂದು ನೀಲಿ ಪ್ಲಾಸ್ಟಿಕ್. ಸಿಎ, ಇಂಜಿನಿಯರಿಂಗ್ ಪುಸ್ತಕಗಳೇ ಜಾಸ್ತಿ. ನಿಘಂಟುಗಳು ಕೆಳಗೆ ಹೂತಿರುತ್ತವೆ, ಬಗ್ಗಿ ಹುಡುಕಬೇಕು. ಮಾರುವವರು ನನ್ನನ್ನು ‘ತಾಈ’ ಎನ್ನುತ್ತಾರೆ, ಮರಾಠಿಯಲ್ಲಿ ಅಕ್ಕ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮೊದಲ ದಿನ ಜೋರು ಮಳೆ ಬಂದಾಗ ಎದ್ದು ನಿಂತು ತಮ್ಮ ಸ್ಟೂಲ್ ಕೊಟ್ಟರು. ಆಗಿನ್ನೂ ನಾನೇನೂ ಕೊಂಡಿರಲಿಲ್ಲ.

ಹೋದ ಶನಿವಾರ ಹಾಳೆ ಇಲ್ಲದ್ದನ್ನು ತೋರಿಸಿದೆ. ವಾದ ಮಾಡಲಿಲ್ಲ. ಪುಸ್ತಕ ನನ್ನಲ್ಲೇ ಇರಲಿ ಎಂದು 50 ರೂಪಾಯಿ ವಾಪಸ್ ಕೊಟ್ಟರು. ‘ಕೈಂಡ್’ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ತಾಈ, ಡಬ್ಲ್ಯೂ ಇರುವ ಪ್ರತಿ ಬಂದರೆ ನಿಮಗೇ ಎತ್ತಿಡುತ್ತೇನೆ’ ಎಂದು ಒಂದು ಹಳೇ ಗೈಡಿನ ರಟ್ಟಿನ ಮೇಲೆ ನನ್ನ ನಂಬರ್ ಬರೆದುಕೊಂಡರು.