ಫೋನ್ ಮೈಕ್ ನಂಬಿ ಬೇಸ್ ಗಿಟಾರ್ ಟ್ಯೂನ್ ಮಾಡಬೇಡಿ

ಮನೆಯಲ್ಲೊಂದು ಬೇಸ್ ಗಿಟಾರ್ (ತಗ್ಗಿನ ದನಿಯ, ನಾಲ್ಕು ತಂತಿಯ ಗಿಟಾರ್) ಇದೆ, ಫೋನಿಗೆ ಆ್ಯಪ್ ಹಾಕಿಕೊಂಡು ಟ್ಯೂನ್ ಮಾಡಿ ಕಲಿಯೋಣ ಅಂತ ಯೋಚಿಸುತ್ತಿದ್ದೀರಾ? ಬಿರಡೆಗೆ ಕೈ ಹಾಕುವ ಮೊದಲು ಇದನ್ನು ಓದಿ. ನನ್ನ ಕೈಯಲ್ಲಿ ಒಂದು ಒಳ್ಳೆಯ ವಾದ್ಯ ಹಾಳಾಗಿದೆ. ನಿಮ್ಮದು ಹಾಗಾಗುವುದು ಬೇಡ.

ಆ ಬೇಸ್ ನಮ್ಮ ಸೋದರಮಾವನದು. 90ರ ದಶಕದಲ್ಲಿ ಗಣೇಶನ ಹಬ್ಬ ಬಂದರೆ ಬೆಂಗಳೂರಿನ ಬೀದಿಗಳಲ್ಲಿ ಆರ್ಕೆಸ್ಟ್ರಾ ಇರುತ್ತಿತ್ತಲ್ಲ, ಅಲ್ಲಿ ಅವರು ಬೇಸ್ ನುಡಿಸುತ್ತಿದ್ದರು. ಅವರು ಹೋದ ಮೇಲೆ ಅದು ಹನುಮಂತನಗರದ ನಮ್ಮ ಮನೆಯ ಅಟ್ಟ ಸೇರಿತ್ತು. ಹೋದ ವರ್ಷ ಕೆಳಗಿಳಿಸಿ, ಒರೆಸಿ, ಹೊಸ ತಂತಿ ಹಾಕಿಸಿದೆ. ಅಂಗಡಿಯವರೇ ಟ್ಯೂನ್ ಮಾಡಿ ಕೊಟ್ಟರು. ಹೊಸ ತಂತಿ ಎರಡು ದಿನಕ್ಕೆ ಸ್ವಲ್ಪ ಸಡಿಲವಾಗುತ್ತದೆ, ಆಗ ಮತ್ತೆ ಬಿಗಿ ಮಾಡಿಕೊಳ್ಳಿ ಅಂತಲೂ ಹೇಳಿದ್ದರು.

ಎರಡು ದಿನ ಬಿಟ್ಟು ಆ್ಯಪ್ ತೆರೆದೆ. ಹೆಸರಾದ ಆ್ಯಪೇ. ಟ್ಯೂನರ್ ಇತ್ತು, ಪಾಠಗಳಿದ್ದವು. ಬೇಸ್‌ನ ನಾಲ್ಕು ತಂತಿಗಳು ದಪ್ಪದಿಂದ ತೆಳ್ಳಗೆ 'ಇ', 'ಎ', 'ಡಿ', 'ಜಿ' ಸ್ವರಗಳಿಗೆ ಇರಬೇಕು. ಫೋನನ್ನು ಹತ್ತಿರ ಇಟ್ಟು ದಪ್ಪ ತಂತಿ ಮೀಟಿದೆ. ಪರದೆಯ ಮೇಲೆ 'ಬಿ' ಅಂತ ಬಂತು. 'ಇ' ಇಳಿದು 'ಬಿ' ತನಕ ಬಂದುಬಿಟ್ಟಿದೆ ಅಂದುಕೊಂಡೆ. ಹೊಸ ತಂತಿ ಸಡಿಲವಾಗುತ್ತದೆ ಅಂತ ಹೇಳಿದ್ದರಲ್ವಾ? ಬಿರಡೆ ತಿರುಗಿಸುತ್ತಾ ಹೋದೆ. 'ಸಿ' ಬಂತು, 'ಡಿ' ಬಂತು, ಕೊನೆಗೆ 'ಇ' ಬಂದು ಹಸಿರು ದೀಪ ಹತ್ತಿತು. ಬಿರಡೆ ತುಂಬಾ ಗಟ್ಟಿಯಾಗಿತ್ತು. ಆದರೂ ಹಸಿರು ಬಂದಿದೆ ಅಂದಮೇಲೆ ಸರಿಯೇ ಇರಬೇಕು ಅಂತ ಬಿಟ್ಟೆ.

ಅಸಲಿಗೆ ಆ ತಂತಿ ಒಂದು ಕೂದಲೆಳೆಯಷ್ಟು ಮಾತ್ರ ಇಳಿದಿತ್ತು. ತಪ್ಪು ಕೇಳಿಸಿಕೊಂಡದ್ದು ಫೋನ್.

ತಂಬೂರಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂದ್ರದ ಷಡ್ಜ ಮೀಟಿದರೆ ಅದರೊಳಗಿಂದ ಗಾಂಧಾರ ತಾನಾಗಿ ಕೇಳುತ್ತದೆ, ಅಲ್ವಾ? ಯಾವ ತಂತಿಯೂ ಒಂದೇ ದನಿ ಕೊಡುವುದಿಲ್ಲ. ಮೂಲ ದನಿಯ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ದನಿಗಳೂ ಜೊತೆಗೇ ಬರುತ್ತವೆ. ಬೇಸ್‌ನ ದಪ್ಪ ತಂತಿಯ ಮೂಲ ದನಿ ಸೆಕೆಂಡಿಗೆ 41.2 ಕಂಪನ. ಫೋನಿನ ಮೈಕ್ ಇರುವುದು ಮಾತು ಹಿಡಿಯಲು. ಅಷ್ಟು ತಗ್ಗಿನ ದನಿ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದರ ಮೇಲೆ, ಆಂಪ್ಲಿಫೈಯರ್‌ಗೆ ಜೋಡಿಸದ ಎಲೆಕ್ಟ್ರಿಕ್ ಬೇಸ್‌ನ ದನಿಯೇ ಕಮ್ಮಿ. ಹಾಗಾಗಿ ನನ್ನ ಫೋನಿಗೆ ಕೇಳಿದ್ದು ಮೂರು ಪಟ್ಟಿನ ದನಿ, ಅಂದರೆ 123.6. ಅದು 'ಬಿ'. ನಾನು ಮೀಟಿದ್ದು ಸ, ಅದಕ್ಕೆ ಕೇಳಿದ್ದು ಪ.

ಆ 'ಬಿ'ಯನ್ನು 'ಇ' ಮಾಡಲು ಹೋಗಿ ನಾನು ತಂತಿಯನ್ನು ಐದು ಅರ್ಧ ಸ್ವರ ಮೇಲಕ್ಕೆ, ಸೆಕೆಂಡಿಗೆ 55 ಕಂಪನದ 'ಎ' ತನಕ ಎಳೆದಿದ್ದೆ. ಅದರ ಮೂರು ಪಟ್ಟು 165, ಫೋನಿಗೆ ಕೇಳಿದ 'ಇ' ಅದೇ. ತಂತಿಯ ಎಳೆತ ಕಂಪನದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ, ಇರಬೇಕಾದ್ದಕ್ಕಿಂತ ಸುಮಾರು 1.8 ಪಟ್ಟು. ತೆಳ್ಳನೆಯ ತಂತಿಯಾಗಿದ್ದರೆ ಅಲ್ಲೇ ತುಂಡಾಗಿ ನನಗೆ ಬುದ್ಧಿ ಬರುತ್ತಿತ್ತು. ಬೇಸ್ ತಂತಿ ತುಂಡಾಗಲಿಲ್ಲ. ಮೂರು ವಾರ ಹಾಗೇ ಇತ್ತು. ಆ ಭಾರವನ್ನೆಲ್ಲ ಹೊತ್ತದ್ದು ಬೇಸ್‌ನ ಕುತ್ತಿಗೆ, ಅಂದರೆ ತಂತಿಗಳು ಹಾದುಹೋಗುವ ಉದ್ದನೆಯ ಮರದ ಭಾಗ.

ದಿನ ಕಳೆದಂತೆ ತಂತಿ ಒತ್ತುವುದೇ ಕಷ್ಟವಾಯಿತು. ಬೆರಳು ಪಳಗಿಲ್ಲ ಅಂದುಕೊಂಡೆ. ಕೊನೆಗೆ ಶಿವಾಜಿನಗರದಲ್ಲಿ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಮೊದಲ ಎರಡು ತಂತಿ ಮೀಟಿ ನನ್ನ ಮುಖ ನೋಡಿದರು. ಎರಡೂ ಒಂದೇ ದನಿ! ಕುತ್ತಿಗೆ ಬಾಗಿದ್ದಷ್ಟೇ ಅಲ್ಲ, ಒಂದು ಕಡೆಗೆ ತಿರುಚಿಕೊಂಡೂ ಇತ್ತು. ಒಳಗಿನ ಕಬ್ಬಿಣದ ಸರಳು ಬಿಗಿ ಮಾಡಿ ಬಾಗು ತೆಗೆಯಬಹುದು, ತಿರುಚು ಅಷ್ಟು ಸುಲಭಕ್ಕೆ ಹೋಗಲ್ಲ ಅಂದರು.

ಅವರು ತೋರಿಸಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ದಪ್ಪ ತಂತಿಯ 5ನೇ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೀಟಿ. ಅದೂ ಪಕ್ಕದ ಖಾಲಿ ತಂತಿಯೂ ಒಂದೇ ದನಿ ಕೊಡಬೇಕು. ಬೇಸ್‌ನ ನಾಲ್ಕೂ ತಂತಿಗೆ ಇದೇ ಲೆಕ್ಕ. ಆರು ತಂತಿಯ ಗಿಟಾರ್‌ನಲ್ಲಿ 'ಜಿ'ಯಿಂದ 'ಬಿ'ಗೆ ಹೋಗುವಾಗ ಮಾತ್ರ 4ನೇ ಫ್ರೆಟ್. ಆ್ಯಪ್ ಏನೇ ಹೇಳಲಿ, ಈ ಪರೀಕ್ಷೆ ಆಗದೆ ನಂಬಬೇಡಿ. ಫೋನೇ ಗತಿ ಅನ್ನುವುದಾದರೆ, 12ನೇ ಫ್ರೆಟ್‌ನ ಸರಿಯಾಗಿ ಮೇಲೆ ತಂತಿಯನ್ನು ಒತ್ತದೆ, ಸುಮ್ನೆ ತಾಗಿಸಿ ಮೀಟಿ. ದನಿ ಒಂದು ಸ್ಥಾಯಿ ಮೇಲೆ, 82.4ಕ್ಕೆ ಬರುತ್ತದೆ. ಗಿಟಾರ್‌ನ ದಪ್ಪ ತಂತಿಯದೂ ಅದೇ ದನಿ, ಮೈಕ್‌ಗೆ ಅದು ಸಿಗುತ್ತದೆ. ನಾನೀಗ ಕ್ಲಿಪ್ ಟ್ಯೂನರ್ ಬಳಸುತ್ತೇನೆ. ಅದು ಗಾಳಿಯಿಂದ ಕೇಳುವುದಿಲ್ಲ, ಮರದ ಅದುರಾಟ ಹಿಡಿಯುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದರೂ ತೊಂದರೆ ಇಲ್ಲ.

ಪಾಠದ ಕಥೆಯನ್ನೂ ಹೇಳಬೇಕು. ಆ ಆ್ಯಪ್‌ನಲ್ಲಿ ನಾನು ಸರಿಯಾದ ಸ್ವರ ನುಡಿಸುವ ತನಕ ಪಾಠ ಕಾಯುತ್ತಾ ನಿಲ್ಲುತ್ತಿತ್ತು. ನುಡಿಸಿದ ಮೇಲೆ ಮುಂದಕ್ಕೆ. ಹೀಗೆ ಆರು ತಿಂಗಳು, ಪ್ರತಿ ಪಾಠಕ್ಕೂ ಪೂರ್ತಿ ಅಂಕ. ಆಮೇಲೆ ನಮ್ಮ ಬಡಾವಣೆಯ ಗಣೇಶನ ಕಾರ್ಯಕ್ರಮಕ್ಕೆ ಅಭ್ಯಾಸ ಮಾಡಲು ಕರೆದರು. ಡ್ರಮ್ಸ್ ಹುಡುಗ ನನಗಾಗಿ ಕಾಯುವುದಿಲ್ಲ. ಎರಡನೇ ಆವರ್ತಕ್ಕೇ ನಾನು ಹಿಂದೆ ಬಿದ್ದೆ. ಬೇಸ್‌ನವರು ಲಯ ಹಿಡಿಯದಿದ್ದರೆ ಇಡೀ ತಂಡ ನಿಂತುಹೋಗುತ್ತದೆ, ಆ ದಿನ ನಿಂತೇ ಹೋಯಿತು. ಕಾಯುವ ಆ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿ. ನಿಧಾನವಾದರೂ ಪರವಾಗಿಲ್ಲ, ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಜೊತೆಗೇ ನುಡಿಸಿ. ಇನ್ನೊಂದು, ನನ್ನ ಮಣಿಕಟ್ಟು ಮಡಚಿದ್ದನ್ನು ಆ್ಯಪ್ ನೋಡಲಿಲ್ಲ. ಅದಕ್ಕೆ ಕಿವಿ ಇದೆ, ಕಣ್ಣಿಲ್ಲ. ಎರಡು ತಿಂಗಳು ಕೈ ನೋವು ತಿಂದೆ.

ಹಣದ ವಿಷಯ. 7 ದಿನ ಉಚಿತ ಅಂತ ಯುಪಿಐ ಆಟೋಪೇಗೆ (ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ) ಒಪ್ಪಿಗೆ ಕೊಟ್ಟಿದ್ದೆ. ಮೊದಲ ವರ್ಷದ ಹಣ ಹೋಯಿತು, ಅದು ಗೊತ್ತಿದ್ದೇ ಕೊಟ್ಟದ್ದು. ಬೇಸರವಾಗಿ ಆ್ಯಪ್ ಅಳಿಸಿದ ಮೇಲೂ ಎರಡನೇ ವರ್ಷದ ಹಣ ಕಡಿತವಾಯಿತು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ಯುಪಿಐ ಆ್ಯಪ್‌ನ ಆಟೋಪೇ ವಿಭಾಗವನ್ನೂ ಒಮ್ಮೆ ನೋಡಿ. ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ನನಗೂ ಬಂದಿತ್ತು, ಜಾಹೀರಾತುಗಳ ನಡುವೆ ನಾನು ಗಮನಿಸಿರಲಿಲ್ಲ.

ಹಣ ಹೋದದ್ದನ್ನು ಮರೆಯಬಹುದು. ಮಾವನ ಬೇಸ್ ಈಗ ನುಡಿಯುತ್ತದೆ. ಆದರೆ ದಪ್ಪ ತಂತಿಯ 7ನೇ ಫ್ರೆಟ್ ಒತ್ತಿದರೆ ಇವತ್ತಿಗೂ ಗರಗರ ಅನ್ನುತ್ತದೆ.