ಎಲ್‌ಕ್ಯಾಟ್ ಎಂಜೈಮ್ ತರಿಸುವ ಮುನ್ನ ಇದನ್ನು ಓದಿ

ಲ್ಯಾಬಿಗೆ ರಿಕಾಂಬಿನಂಟ್ ಎಂಜೈಮ್ (ಜೀನನ್ನು ಬೇರೆ ಜೀವಕೋಶಕ್ಕೆ ಹಾಕಿ ತಯಾರಿಸಿದ್ದು) ತರಿಸುವವರು, ಅದರಲ್ಲೂ ಎಲ್‌ಕ್ಯಾಟ್ ತರಿಸುವವರು, ಆರ್ಡರ್ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನನ್ನ ನಾಲ್ಕು ತಿಂಗಳು ಹಾಳಾಗಿವೆ. ನಿಮಗೆ ಹಾಗಾಗೋದು ಬೇಡ.

ಎಲ್‌ಕ್ಯಾಟ್ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಚ್‌ಡಿಎಲ್ ಕಣಗಳ ಮೇಲೆ ಕೂತು ಕೊಲೆಸ್ಟ್ರಾಲಿಗೆ ಕೊಬ್ಬಿನ ಆಮ್ಲ ಅಂಟಿಸುವ ಎಂಜೈಮ್. ಹಾಗೆ ಆದ ಎಸ್ಟರ್ ಕಣದ ಒಳಕ್ಕೆ ಸರಿಯುತ್ತದೆ, ಮೇಲೆ ಹೊಸ ಕೊಲೆಸ್ಟ್ರಾಲಿಗೆ ಜಾಗ ಆಗುತ್ತದೆ. ಹುಟ್ಟಿನಿಂದಲೇ ಇದು ಇಲ್ಲದವರಿಗೆ ಕಣ್ಣಿನ ಕಾರ್ನಿಯಾ ಮಸುಕಾಗುತ್ತದೆ, ಎಷ್ಟೋ ಜನರಿಗೆ ಕಿಡ್ನಿಯೂ ಕೆಡುತ್ತದೆ. ಇದರ ಕೆಲಸವನ್ನು ಚುರುಕು ಮಾಡುವ ಅಣು ಸಿಗುತ್ತಾ ಅಂತ ನಾವು ಹುಡುಕುತ್ತಿದ್ದೆವು.

ಬಂದ ಟ್ಯೂಬಿನ ಮೇಲೆ 'ಹ್ಯೂಮನ್, ರಿಕಾಂಬಿನಂಟ್' ಅಂತಿತ್ತು. ಜೊತೆಗಿದ್ದ ಹಾಳೆಯಲ್ಲಿ ಶುದ್ಧತೆ ಶೇ. 90ಕ್ಕಿಂತ ಜಾಸ್ತಿ ಅಂತಿತ್ತು. ನಾನು ಅಷ್ಟೇ ನೋಡಿದೆ. ಎಡವಿದ್ದು ಅಲ್ಲೇ.

ಎಲ್‌ಕ್ಯಾಟ್ ಎಷ್ಟು ಕೆಲಸ ಮಾಡುತ್ತದೆ ಅಂತ ಅಳೆಯುವ ಅಸ್ಸೇ ಮಾಡಿದವರಿಗೆ ಗೊತ್ತು, ಎಂಜೈಮಿಗಿಂತ ಸಬ್‌ಸ್ಟ್ರೇಟ್, ಅಂದ್ರೆ ಎಂಜೈಮ್ ಯಾವುದರ ಮೇಲೆ ಕೆಲಸ ಮಾಡಬೇಕೋ ಅದು, ಕಟ್ಟೋದೇ ದೊಡ್ಡ ಕೆಲಸ. ಕೊಬ್ಬಿನ ಆಮ್ಲ ಕೊಡುವ ಲೆಸಿಥಿನ್, ರೇಡಿಯೋ ಆಕ್ಟಿವ್ ಕೊಲೆಸ್ಟ್ರಾಲ್, ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊ ಎ-1 ಮೂರನ್ನೂ ಸೋಪಿನಂಥ ಕೋಲೇಟಿನಲ್ಲಿ ಬೆರೆಸಿ, ಡಯಾಲಿಸಿಸ್ ಮಾಡಿ ಆ ಕೋಲೇಟನ್ನು ತೆಗೆದು, ಎಚ್‌ಡಿಎಲ್ ಥರದ ಕಣ ಕಟ್ಟಬೇಕು. ಎಂಜೈಮ್ ಹಾಕಿ 37 ಡಿಗ್ರಿಯಲ್ಲಿಟ್ಟು, ಕೊಬ್ಬನ್ನು ಬೇರೆ ಮಾಡಿ, ಅದರ ಬಗೆಗಳನ್ನು ಪಟ್ಟಿಗಳಾಗಿ ಬೇರ್ಪಡಿಸುವ ಟಿಎಲ್‌ಸಿ ಪ್ಲೇಟಿನ ಮೇಲೆ ಓಡಿಸಬೇಕು. ಕೊಲೆಸ್ಟ್ರಾಲ್ ಕೆಳಗೇ ಉಳಿಯುತ್ತದೆ, ಎಸ್ಟರ್ ಮೇಲೆ ಹೋಗುತ್ತದೆ. ಮೇಲಿನ ಪಟ್ಟಿಯನ್ನು ಕೆರೆದು ವಿಕಿರಣ ಎಣಿಸುವ ಕೌಂಟರಿಗೆ ಹಾಕಿದರೆ ಎಷ್ಟು ಎಸ್ಟರ್ ಆಯಿತು ಅಂತ ಗೊತ್ತಾಗುತ್ತದೆ.

ನಮಗೆ ಬಂದದ್ದು ಏನೂ ಇಲ್ಲ. ಎಂಜೈಮ್ ಹಾಕಿದ ಟ್ಯೂಬಿಗೂ ಹಾಕದ ಟ್ಯೂಬಿಗೂ ಒಂದೇ ಎಣಿಕೆ. ತಪ್ಪು ನಮ್ಮ ಕಣಗಳದ್ದೇ ಅಂದುಕೊಂಡೆವು. ಮೂರು ಸಲ ಹೊಸದಾಗಿ ಕಟ್ಟಿದೆವು. ಅಪೊ ಎ-1 ಕೂಡ ಬದಲಿಸಿದೆವು. ಜೊತೆಗಿದ್ದ ಜೂನಿಯರ್ ಹುಡುಗಿ ತನ್ನ ಕೈಯೇ ಸರಿಯಿಲ್ಲ ಅಂತ ನೊಂದುಕೊಂಡಳು. ನನಗೆ ಇವತ್ತಿಗೂ ಜಾಸ್ತಿ ಬೇಜಾರಾಗೋದು ಅದಕ್ಕೇ.

ಕೊನೆಗೆ ಫ್ರೀಜರಿನಲ್ಲಿದ್ದ ಮನುಷ್ಯರ ಪ್ಲಾಸ್ಮಾವನ್ನು ಕೆಲವು ಮೈಕ್ರೋಲೀಟರ್ ಹಾಕಿ ನೋಡಿದೆವು. ಅದರಲ್ಲಿ ಎಲ್‌ಕ್ಯಾಟ್ ಇದ್ದೇ ಇರುತ್ತದೆ. ಮೇಲಿನ ಪಟ್ಟಿಯಲ್ಲಿ ಎಣಿಕೆ ಚೆನ್ನಾಗಿ ಬಂತು. ಕಣಗಳಲ್ಲಿ ಏನೂ ತಪ್ಪಿರಲಿಲ್ಲ. ಈ ಕಂಟ್ರೋಲನ್ನು ಮೊದಲನೇ ದಿನವೇ ಹಾಕಬೇಕಿತ್ತು.

ಅವತ್ತೇ ಟ್ಯೂಬಿನ ಪ್ರೋಟೀನನ್ನು, ತೂಕ ತೋರಿಸುವ ಜೆಲ್ ಮೇಲೆ ಓಡಿಸಿದೆ. ರಕ್ತದಲ್ಲಿರುವ ಎಲ್‌ಕ್ಯಾಟಿನ ಬ್ಯಾಂಡ್ 60 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ದಾಟಿ ಬರಬೇಕು. ಅದರ ಸರಪಳಿಯಲ್ಲಿರೋದು 416 ಅಮೈನೋ ಆಮ್ಲ, ಅಂದ್ರೆ ಸುಮಾರು 47 ಕಿಲೋಡಾಲ್ಟನ್ ಅಷ್ಟೇ. ಉಳಿದದ್ದೆಲ್ಲ ಮೇಲೆ ಅಂಟಿಕೊಂಡ ಸಕ್ಕರೆಯ ತೂಕ. ನನ್ನ ಜೆಲ್ಲಿನಲ್ಲಿ ಬ್ಯಾಂಡ್ 50ರ ಗುರುತಿನ ಹತ್ತಿರ ನಿಂತಿತ್ತು. ಚೊಕ್ಕವಾದ ಒಂದೇ ಬ್ಯಾಂಡ್. ಶುದ್ಧತೆಯ ಮಾತು ಸುಳ್ಳಲ್ಲ. ಆದರೆ ಸಕ್ಕರೆಯೇ ಇಲ್ಲ.

ಹಾಳೆಯನ್ನು ಮತ್ತೆ ತೆಗೆದು ಓದಿದೆ. ಸಣ್ಣ ಅಕ್ಷರದಲ್ಲಿ ಇತ್ತು: ಈ. ಕೋಲೈಯಲ್ಲಿ ತಯಾರಿಸಿದ್ದು, ಬಫರಿನಲ್ಲಿ ಯೂರಿಯಾ ಇದೆ. ಈ. ಕೋಲೈ ಒಂದು ಬ್ಯಾಕ್ಟೀರಿಯಾ, ನಮ್ಮ ಜೀವಕೋಶದ ಹಾಗೆ ಸಕ್ಕರೆ ಅಂಟಿಸುವುದಿಲ್ಲ. ಎರಡು ಡೈಸಲ್ಫೈಡ್ (ಗಂಧಕದ) ಕೊಂಡಿಗಳಿರುವ ಇಂಥ ಪ್ರೋಟೀನ್ ಅದರೊಳಗೆ ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗುತ್ತದೆ. ಅದನ್ನು ಕರಗಿಸೋಕೆ ಯೂರಿಯಾ ಹಾಕುತ್ತಾರೆ. ಯೂರಿಯಾದಲ್ಲಿ ಬಿಚ್ಚಿಕೊಂಡ ಎಂಜೈಮ್ ಕೆಲಸ ಮಾಡುತ್ತಾ? ಮಾರಿದವರಿಗೆ ಬರೆದೆ. ಇದು ಆಂಟಿಬಾಡಿ ಕೆಲಸಕ್ಕೆ, ಆಕ್ಟಿವಿಟಿಗೆ ನಾವು ಮಾತು ಕೊಟ್ಟಿಲ್ಲ, ಹಣ ವಾಪಸ್ ಇಲ್ಲ ಅಂತ ಉತ್ತರ ಬಂತು.

ಅದಕ್ಕೇ ಹೇಳ್ತಿದ್ದೀನಿ. ಶುದ್ಧತೆಯ ಅಂಕಿ ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ. ಯಾವ ಜೀವಕೋಶದಲ್ಲಿ ತಯಾರಿಸಿದ್ದು ಅಂತ ಮೊದಲು ನೋಡಿ. ಎಲ್‌ಕ್ಯಾಟ್ ಆದರೆ ಎಚ್‌ಇಕೆ 293 ಅಥವಾ ಸಿಎಚ್‌ಒ ಥರದ ಸಸ್ತನಿ ಜೀವಕೋಶದ್ದೇ ಕೇಳಿ. ಪೂರ್ತಿ ಪ್ರೋಟೀನಾ, ಬರೀ ತುಂಡಾ? ಆಕ್ಟಿವಿಟಿಯನ್ನು ಯಾವ ಸಬ್‌ಸ್ಟ್ರೇಟಿನ ಮೇಲೆ ಅಳೆದಿದ್ದಾರೆ? ನಿಮಗೆ ಬರುವ ಲಾಟಿನದೇ ಅಳತೆಯನ್ನು ಬರಹದಲ್ಲಿ ತರಿಸಿಕೊಳ್ಳಿ. ಫೋನಿನ ಮಾತು ಸಾಲದು.

ಫ್ರೀಜರಿನಲ್ಲಿ ಇಂಥ ಟ್ಯೂಬ್ ಈಗಾಗಲೇ ಇದ್ದರೆ, ಜೂನಿಯರಿಗೆ ಇನ್ನೊಮ್ಮೆ ಕಣ ಕಟ್ಟು ಅನ್ನೋ ಮೊದಲು ಒಂದು ಜೆಲ್ ಓಡಿಸಿ ನೋಡಿ.